ಹಳದಿ ಬಸ್ಸಿನ ದಾನಿಗಳು

ಸ್ಕೂಲ್ ಬಸ್ಸು ಯಾಕೆ ಹಳದಿ ಅನ್ನೋ ಪ್ರಶ್ನೆಗೆ ಉತ್ತರ ಯಾವ ಕ್ವಿಜ್ ಪುಸ್ತಕದಲ್ಲಾದರೂ ಸಿಗುತ್ತೆ. ಬೆಳಗ್ಗೆ ಸಂಜೆಯ ಮಬ್ಬು ಬೆಳಕಿನಲ್ಲಿ ಹಳದಿ ಬೇಗ ಕಣ್ಣಿಗೆ ಬೀಳುತ್ತೆ, ಅದರ ಮೇಲೆ ಕಪ್ಪು ಅಕ್ಷರ ಸಲೀಸಾಗಿ ಓದಬಹುದು, ಮುಗೀತು. ಯಾರೂ ಅಷ್ಟಾಗಿ ಕೇಳದ ಪ್ರಶ್ನೆ ಇನ್ನೊಂದಿದೆ. ಆ ಹಳದಿಗೆ ದುಡ್ಡು ಕೊಟ್ಟವರು ಯಾರು?

ರಾಕ್‌ಫೆಲರ್ ಫೌಂಡೇಶನ್. ಐದು ಸಾವಿರ ಡಾಲರ್. 1939ನೇ ಇಸವಿ.

ಹೌದು, ಎಣ್ಣೆ ಬಾವಿಗಳ ದೊರೆ ರಾಕ್‌ಫೆಲರ್ ಕಟ್ಟಿದ ಅದೇ ಫೌಂಡೇಶನ್. ಶಾಲೆ ಮಕ್ಕಳ ಸೇಫ್ಟಿಗೆ ಖಾಸಗಿ ದುಡ್ಡು ಬರಬೇಕೋ ಬೇಡವೋ ಅಂತ ಅಮೆರಿಕದಲ್ಲಿ ಇವತ್ತೂ ಜಗಳ ನಡೀತಾನೇ ಇದೆ. ಆ ಜಗಳದಲ್ಲಿ ಎರಡೂ ಕಡೆಯವರು ಮರೆಯೋ ಸಂಗತಿ ಇದು: ಖಾಸಗಿ ದುಡ್ಡು ಹೊಸದಾಗಿ ಒಳಗೆ ನುಗ್ಗಿದ್ದಲ್ಲ, ಮೊದಲ ದಿನದಿಂದಲೂ ಅಲ್ಲೇ ಇತ್ತು. ಎಂಬತ್ತು ವರ್ಷದಲ್ಲಿ ಬದಲಾಗಿದ್ದು, ಕೊಟ್ಟವರು ವಾಪಸ್ ಕೇಳಿದ್ದು ಏನು ಅನ್ನೋದು. ಆ ಕಥೆಯನ್ನೇ ಇಲ್ಲಿ ಹೇಳೋಕೆ ಹೊರಟಿದ್ದೀನಿ.

ಹಳದಿಗಿಂತ ಮೊದಲಿನ ಸ್ಥಿತಿಯಿಂದ ಶುರು ಮಾಡೋಣ. ಅಮೆರಿಕದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಒಂದೇ ಕೋಣೆಯ, ಒಬ್ಬರೇ ಟೀಚರ್ ಇರೋ ಶಾಲೆಗಳಿದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವನ್ನು ಒಂದೊಂದಾಗಿ ಮುಚ್ಚಿ, ನಾಲ್ಕಾರು ಊರಿಗೆ ಸೇರಿ ಒಂದು ದೊಡ್ಡ ಶಾಲೆ ಕಟ್ಟೋ ಕೆಲಸ ಜೋರಾಯಿತು. ನಮ್ಮಲ್ಲಿ ಆಗಾಗ ಕೇಳಿಬರೋ ಶಾಲೆಗಳ ವಿಲೀನದ ಮಾತು ಅಲ್ಲಿ ನೂರು ವರ್ಷ ಹಳೇದು. ಶಾಲೆ ದೂರವಾದ ಮೇಲೆ ಮಕ್ಕಳನ್ನು ಸಾಗಿಸೋ ಹೊಣೆ ಬಂತು. ಇಂಡಿಯಾನಾದ ವೇಯ್ನ್ ವರ್ಕ್ಸ್ ಕಂಪನಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಇದಕ್ಕೆ ಅಂತ ಕುದುರೆ ಗಾಡಿ ಮಾಡುತ್ತಿತ್ತು. ಜನ ಅದನ್ನು ‘ಕಿಡ್ ಹ್ಯಾಕ್’ ಅಂತಿದ್ದರು. 1927ರಲ್ಲಿ ಜಾರ್ಜಿಯಾದ ಒಬ್ಬ ಫೋರ್ಡ್ ಡೀಲರ್, ಆಲ್ಬರ್ಟ್ ಲೂಸ್, ಫೋರ್ಡ್ ಚಾಸಿ ಮೇಲೆ ಉಕ್ಕಿನ ಚೌಕಟ್ಟಿನ ಬಾಡಿ ಕೂರಿಸಿದ. ಮುಂದೆ ಅದೇ ಬ್ಲೂ ಬರ್ಡ್ ಕಂಪನಿ ಆಯಿತು.

ಇವೆಲ್ಲ ಒಳ್ಳೆಯ ಉದಾಹರಣೆಗಳು. ಉಳಿದ ಕಡೆ ಹೇಗಿತ್ತು ಅನ್ನೋದನ್ನು ನೋಡಿದವನು ಫ್ರಾಂಕ್ ಸೈರ್. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯ ಟೀಚರ್ಸ್ ಕಾಲೇಜಿನಲ್ಲಿ ಪ್ರೊಫೆಸರ್, ಆದರೆ ಹುಟ್ಟಿ ಬೆಳೆದದ್ದು ನೆಬ್ರಾಸ್ಕಾದ ಬಯಲಿನಲ್ಲಿ. ಹುಲ್ಲು ಬೇರಿನ ಸಮೇತ ಮಣ್ಣಿನ ಹೆಂಟೆ ಕತ್ತರಿಸಿ ಗೋಡೆ ಕಟ್ಟಿದ ಮನೆಯಲ್ಲಿ. ಹಳ್ಳಿ ಶಾಲೆಗಳೇ ಅವನ ಅಧ್ಯಯನದ ವಿಷಯ. 1937ರಲ್ಲಿ ಅವನು ದೇಶದ ಬೇರೆ ಬೇರೆ ಕಡೆ ಮಕ್ಕಳು ಶಾಲೆಗೆ ಹೇಗೆ ಹೋಗ್ತಾರೆ ಅಂತ ಸಮೀಕ್ಷೆ ಮಾಡಿದ. ಸಿಕ್ಕಿದ್ದು ಒಂದು ಸಂತೆ. ಒಂದು ಕಡೆ ಗೋಧಿ ಸಾಗಿಸೋ ಗಾಡಿಯಲ್ಲೇ ಮಕ್ಕಳು. ಇನ್ನೊಂದು ಕಡೆ ಮಕ್ಕಳಲ್ಲಿ ದೇಶಭಕ್ತಿ ಬರಲಿ ಅಂತ ಬಸ್ಸಿಗೆ ಕೆಂಪು, ಬಿಳಿ, ನೀಲಿ ಬಣ್ಣ. ಬಾಗಿಲು ಎಲ್ಲಿರಬೇಕು, ಸೀಟು ಎಷ್ಟು ಅಗಲ, ಎಲ್ಲ ಅವರವರ ಇಷ್ಟ.

ಬಸ್ ತಯಾರಿಸೋರಿಗೂ ಇದು ತಲೆನೋವೇ. ಪ್ರತಿ ಜಿಲ್ಲೆಗೂ ಒಂದೊಂದು ಅಳತೆ ಅಂದರೆ ಸಾಲಾಗಿ ಒಂದೇ ಥರ ತಯಾರಿಸಿ ಬೆಲೆ ಇಳಿಸೋಕೆ ಆಗಲ್ಲ. ಪ್ರತಿ ಕ್ಲೈಂಟಿಗೂ ಬೇರೆ ಬ್ರಾಂಚ್ ಮೇಂಟೇನ್ ಮಾಡಿದವರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ.

1939ರ ಏಪ್ರಿಲ್‌ನಲ್ಲಿ ಸೈರ್ ಎಲ್ಲರನ್ನೂ ಒಂದು ಕಡೆ ಕೂರಿಸಿದ. ಆಗ ಇದ್ದ 48 ರಾಜ್ಯಗಳ ಸಾರಿಗೆ ಅಧಿಕಾರಿಗಳು, ಬಸ್ ಕಂಪನಿಗಳ ಎಂಜಿನಿಯರುಗಳು, ಡುಪಾಂಟ್ ಮತ್ತು ಪಿಟ್ಸ್‌ಬರ್ಗ್ ಪೇಂಟ್ಸ್‌ನ ಬಣ್ಣದ ತಜ್ಞರು. ಏಳು ದಿನ ಕೂತರು. ಬಸ್ಸಿನ ಉದ್ದ, ಚಾವಣಿಯ ಎತ್ತರ, ನಡುವಿನ ದಾರಿಯ ಅಗಲ ಸೇರಿ 44 ಸ್ಟ್ಯಾಂಡರ್ಡ್‌ಗಳನ್ನು ಬರೆದರು. ಬಣ್ಣ ಆರಿಸೋಕೆ ಗೋಡೆ ಮೇಲೆ ನಿಂಬೆ ಹಳದಿಯಿಂದ ಕೆಂಪು ಕಿತ್ತಳೆಯವರೆಗೆ ಛಾಯೆಗಳ ಪಟ್ಟಿಗಳನ್ನು ನೇತುಹಾಕಿದ್ದರು. ಗೆದ್ದ ಬಣ್ಣಕ್ಕೆ ‘ನ್ಯಾಷನಲ್ ಸ್ಕೂಲ್ ಬಸ್ ಕ್ರೋಮ್’ ಅಂತ ಹೆಸರಿಟ್ಟರು. ಈ ಸಭೆಯ ಖರ್ಚಿಗೆ ಬಂದಿದ್ದೇ ರಾಕ್‌ಫೆಲರ್ ಫೌಂಡೇಶನ್ನಿನ ಐದು ಸಾವಿರ ಡಾಲರ್.

ಇದೆಲ್ಲ ಶುದ್ಧ ಪರೋಪಕಾರ ಅಂತ ನಂಬೋಷ್ಟು ಮುಗ್ಧರು ನೀವೂ ಅಲ್ಲ, ನಾನೂ ಅಲ್ಲ. ಬಣ್ಣದ ಕಂಪನಿಗೆ ಬಣ್ಣ ಮಾರಬೇಕಿತ್ತು, ಬಸ್ ಕಂಪನಿಗೆ ಬಸ್ ಮಾರಬೇಕಿತ್ತು. ಆದರೆ ಸಭೆ ಮುಗಿದಾಗ ಮೇಜಿನ ಮೇಲೆ ಉಳಿದದ್ದು ಒಂದು ದಾಖಲೆ. ಅದನ್ನು ಯಾವ ಬಣ್ಣದ ಕಂಪನಿ ಬೇಕಾದರೂ ಕಲಸಬಹುದಿತ್ತು, ಯಾವ ಗ್ಯಾರೇಜಿನವನು ಬೇಕಾದರೂ ಕಟ್ಟಬಹುದಿತ್ತು. ಬಸ್ಸಿನ ಮೇಲೆ ರಾಕ್‌ಫೆಲರ್ ಹೆಸರಿರಲಿಲ್ಲ, ಡುಪಾಂಟ್ ಹೆಸರಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಓಪನ್ ಸ್ಟ್ಯಾಂಡರ್ಡ್. ಸ್ಪಾನ್ಸರ್ ದುಡ್ಡು ಕೊಟ್ಟು ಸರಿದು ನಿಂತ. ಅದು ಕಾನೂನೂ ಆಗಿರಲಿಲ್ಲ, ಹಾಗಾಗಿ ರಾಜ್ಯಗಳು ನಿಧಾನಕ್ಕೆ ಒಪ್ಪಿಕೊಂಡವು. ಎಲ್ಲ ರಾಜ್ಯಗಳೂ ಹಳದಿಗೆ ಬರೋ ಹೊತ್ತಿಗೆ 1974 ಆಗಿತ್ತು. ಆದರೆ ಬಂದ ಮೇಲೆ ಯಾವ ರಾಜ್ಯವೂ ಹಿಂದೆ ಹೋಗಲಿಲ್ಲ.

ನಂತರದ ಕೆಲವು ದಶಕ ಸರ್ಕಾರದ ಕಾಲ. 1946ರಲ್ಲಿ ವರ್ಜೀನಿಯಾ ರಾಜ್ಯ ಬಸ್ಸಿಗೆ ಎಚ್ಚರಿಕೆಯ ದೀಪಗಳನ್ನು ಹಾಕಿಸಿತು. ಅಲ್ಲಿನ ಪದ್ಧತಿ ನಮ್ಮ ಔಟರ್ ರಿಂಗ್ ರೋಡಿನಲ್ಲಿ ನಿಂತು ಯೋಚಿಸಿದರೆ ಸ್ವಲ್ಪ ವಿಚಿತ್ರ ಅನ್ಸುತ್ತೆ. ಮಕ್ಕಳು ಹತ್ತಿ ಇಳಿಯೋವಾಗ ಬಸ್ಸಿನ ಕೆಂಪು ದೀಪ ಮಿನುಗುತ್ತೆ, ಡ್ರೈವರ್ ಪಕ್ಕದಿಂದ ‘ಸ್ಟಾಪ್’ ಅಂತ ಬರೆದ ಒಂದು ತಗಡಿನ ಕೈ ಹೊರಗೆ ಚಾಚಿಕೊಳ್ಳುತ್ತೆ. ಆಗ ಹಿಂದಿನ ಗಾಡಿಗಳಷ್ಟೇ ಅಲ್ಲ, ಸಾಮಾನ್ಯ ರಸ್ತೆಯಲ್ಲಿ ಎದುರಿನಿಂದ ಬರೋ ಗಾಡಿಗಳೂ ನಿಲ್ಲಬೇಕು. ಮಗು ರಸ್ತೆ ದಾಟಿ ಮನೆ ಕಡೆ ಹೋಗೋವರೆಗೆ ಯಾರೂ ಅಲ್ಲಾಡಬಾರದು. ಈ ಸ್ಟಾಪ್ ಆರ್ಮ್ 1992ರಿಂದ ಹೊಸ ಬಸ್ಸುಗಳಿಗೆ ಕೇಂದ್ರ ಸರ್ಕಾರದ ಕಡ್ಡಾಯ ನಿಯಮ. ಈ ತಗಡಿನ ಕೈ ನೆನಪಿರಲಿ, ಕಥೆಯ ಕೊನೆಯಲ್ಲಿ ಮತ್ತೆ ಬರುತ್ತೆ.

ಅದಕ್ಕಿಂತ ದೊಡ್ಡ ಬದಲಾವಣೆ 1977ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು. ಆವತ್ತಿನಿಂದ ತಯಾರಾಗೋ ಬಸ್ಸುಗಳಲ್ಲಿ ಸೀಟಿನ ಬೆನ್ನು ಎತ್ತರ ಇರಬೇಕು, ಮೆತ್ತನೆ ಇರಬೇಕು, ಒಂದಕ್ಕೊಂದು ಹತ್ತಿರ ಇರಬೇಕು. ಮೊಟ್ಟೆ ಟ್ರೇ ಇದ್ದ ಹಾಗೆ. ಎದುರಿನಿಂದ ಡಿಕ್ಕಿಯಾದರೆ ಮಗು ಮುಂದಿನ ಸೀಟಿನ ಮೆತ್ತೆಗೆ ಬಿದ್ದು ಉಳಿಯುತ್ತೆ. ಡೀಸೆಲ್, ಪೆಟ್ರೋಲ್ ಟ್ಯಾಂಕಿಗೂ ಗಟ್ಟಿ ನಿಯಮ ಬಂತು. ದೊಡ್ಡ ಬಸ್ಸಿಗೆ ಸೀಟ್ ಬೆಲ್ಟ್ ಮಾತ್ರ ಕಡ್ಡಾಯ ಮಾಡಲಿಲ್ಲ, ಟ್ರೇ ಸಾಕು ಅಂದರು. ಆದರೆ ಬಸ್ಸು ಪಕ್ಕಕ್ಕೆ ಮಗುಚಿದರೆ ಟ್ರೇಯಿಂದ ಮೊಟ್ಟೆ ಉರುಳೋದನ್ನು ಮೆತ್ತೆ ತಡೆಯಲ್ಲ.

ಈ ನಿಯಮಗಳಿಗೆ ಒಂದು ಗೆರೆ ಇತ್ತು: ಹೊಸ ಬಸ್ಸಿಗೆ ಮಾತ್ರ. 1988ರ ಮೇ 14ರ ರಾತ್ರಿ ಕೆಂಟಕಿಯ ಕ್ಯಾರಲ್ಟನ್ ಹತ್ತಿರ, ಕುಡಿದು ತಪ್ಪು ದಾರಿಯಲ್ಲಿ ಬಂದ ಒಂದು ಪಿಕಪ್, ಚರ್ಚಿನ ಬಸ್ಸಿಗೆ ಎದುರಿನಿಂದ ಗುದ್ದಿತು. ಒಂದು ಕಾಲಕ್ಕೆ ಅದು ಸ್ಕೂಲ್ ಬಸ್ಸು. ಟ್ಯಾಂಕ್ ಒಡೆದು ಬೆಂಕಿ ಹತ್ತಿ 27 ಜನ ಸತ್ತರು, ಹೆಚ್ಚಿನವರು ಮಕ್ಕಳು. ತನಿಖೆಯಲ್ಲಿ ಗೊತ್ತಾಗಿದ್ದು, ಆ ಬಸ್ಸಿನ ಚಾಸಿ ತಯಾರಾದದ್ದು 1977ರ ಮಾರ್ಚ್‌ನಲ್ಲಿ. ಹೊಸ ನಿಯಮಕ್ಕೆ ಕೆಲವೇ ದಿನ ಮೊದಲು. ಸೇಫ್ಟಿ ಅನ್ನೋದು ಎಷ್ಟೋ ಸಲ ನಮ್ಮ ಬಸ್ಸು ಗೆರೆಯ ಯಾವ ಕಡೆ ತಯಾರಾಯಿತು ಅನ್ನೋ ಅದೃಷ್ಟದ ಮೇಲೆ ನಿಂತಿರುತ್ತೆ. ಗೆರೆಯ ಈ ಕಡೆ ಇರೋ ಬಸ್ಸನ್ನು ಆ ಕಡೆ ದಾಟಿಸೋಕೆ ದುಡ್ಡು ಬೇಕು. ಆ ದುಡ್ಡು ಯಾರದ್ದು?

ಅಮೆರಿಕದ ಶಾಲಾ ವ್ಯವಸ್ಥೆ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ‘ಸ್ಕೂಲ್ ಡಿಸ್ಟ್ರಿಕ್ಟ್’ ಅಂದರೆ ನಮ್ಮ ಹಾಗೆ ಕಂದಾಯ ಜಿಲ್ಲೆ ಅಲ್ಲ. ಆಯಾ ಊರಿನ ಜನರ ತೆರಿಗೆಯಲ್ಲಿ ಬಹುಪಾಲು ನಡೆಯೋ, ತನ್ನದೇ ಬೋರ್ಡ್, ತನ್ನದೇ ಬಜೆಟ್ ಇರೋ ಸಂಸ್ಥೆ ಅದು. ತೆರಿಗೆ ಏರಿಸೋಕೆ ಜನ ಒಪ್ಪದಿದ್ದರೆ ಬೋರ್ಡು ಬೇರೆ ದಾರಿ ಹುಡುಕಬೇಕು. 1993ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ನ ಡಿಸ್ಟ್ರಿಕ್ಟ್ 11 ಹುಡುಕಿದ ದಾರಿ ಜಾಹೀರಾತು. ಶಾಲೆಯ ಪಡಸಾಲೆಯಲ್ಲಿ, ಹಳದಿ ಬಸ್ಸಿನ ಪಕ್ಕೆಗಳ ಮೇಲೆ ಬರ್ಗರ್ ಕಿಂಗ್. ಐವತ್ತನಾಲ್ಕು ವರ್ಷದ ಹಿಂದೆ ಏಳು ದಿನ ಕೂತು, ಏನೂ ಕಣ್ಣಿಗೆ ಅಡ್ಡ ಬರಬಾರದು, ಬಸ್ಸು ಮಾತ್ರ ಕಾಣಬೇಕು ಅಂತ ಆರಿಸಿದ ಬಣ್ಣ. ಅಷ್ಟು ಚೆನ್ನಾಗಿ ಕಾಣುತ್ತೆ ಅನ್ನೋದೇ ಈಗ ಜಾಹೀರಾತಿನವರಿಗೆ ಆಕರ್ಷಣೆ ಆಯಿತು.

ಜಾಹೀರಾತಿಗೆ ಸೇಫ್ಟಿಯ ವೇಷ ಬಂದದ್ದು 2006ರಲ್ಲಿ. ಮ್ಯಾಸಚುಸೆಟ್ಸ್‌ನ ಬಸ್‌ರೇಡಿಯೋ ಅನ್ನೋ ಕಂಪನಿ ಡಿಸ್ಟ್ರಿಕ್ಟ್‌ಗಳ ಮುಂದೆ ಬಂದು ಹೇಳಿದ್ದು ಇಷ್ಟು: ನಿಮ್ಮ ಬಸ್ಸುಗಳಿಗೆ ನಾವು ಪುಕ್ಕಟೆ ಯಂತ್ರ ಕೂರಿಸ್ತೀವಿ. ಅದರಲ್ಲಿ ಜಿಪಿಎಸ್ ಇರುತ್ತೆ. ಡ್ರೈವರ್ ಕೈಗೆ ಎಮರ್ಜೆನ್ಸಿ ಬಟನ್ ಇರುತ್ತೆ. ಜೊತೆಗೆ ಮಕ್ಕಳ ವಯಸ್ಸಿಗೆ ತಕ್ಕ ಹಾಡು, ಮಾತು ಬರುತ್ತೆ. ಹಾಂ, ಗಂಟೆಗೆ ಎಂಟು ನಿಮಿಷ ಜಾಹೀರಾತೂ ಬರುತ್ತೆ.

ಟಿವಿಯಾದರೆ ಚಾನೆಲ್ ಬದಲಿಸಬಹುದು, ಎದ್ದು ಹೋಗಬಹುದು. ಸ್ಕೂಲ್ ಬಸ್ಸಿನಲ್ಲಿ ಕೂತ ಆರು ವರ್ಷದ ಮಗು ಎಲ್ಲಿಗೆ ಹೋಗುತ್ತೆ? ಕಂಪನಿಗೆ ಇದು ಗೊತ್ತಿತ್ತು, ಅದೇ ಅದರ ಬಂಡವಾಳ. ತಂದೆ ತಾಯಿಯರು, ಮಕ್ಕಳ ಮೇಲಿನ ಜಾಹೀರಾತನ್ನು ವಿರೋಧಿಸೋ ಸಂಘಟನೆಗಳು ತಿರುಗಿಬಿದ್ದವು. ಪ್ರಸಾರ ನಿಯಂತ್ರಣ ಆಯೋಗ ಒಂದು ವರದಿಯನ್ನೂ ಮಾಡಿತು. 2009ರ ಸೆಪ್ಟೆಂಬರ್‌ನಲ್ಲಿ ಬಸ್‌ರೇಡಿಯೋ ಬಾಗಿಲು ಹಾಕಿತು.

ವಿರೋಧಿಗಳು ಗೆದ್ದರು, ಸಂತೋಷ. ನನಗೆ ಕಾಡೋದು ಆ ಎಮರ್ಜೆನ್ಸಿ ಬಟನ್. ಅದು ನಿಜವಾಗಲೂ ಬೇಕಾದ ವಸ್ತು. ಬೇಕಾದ ವಸ್ತು ಆಗಿದ್ದರೆ ಡಿಸ್ಟ್ರಿಕ್ಟ್ ತನ್ನ ಬಜೆಟ್ಟಿನಲ್ಲಿ ಯಾಕೆ ಹಾಕಿರಲಿಲ್ಲ? ಜಾಹೀರಾತಿಗೆ ಗಂಟು ಹಾಕಿದ ಗುಂಡಿ, ಜಾಹೀರಾತು ನಿಂತ ದಿನ ಯಾರ ಗುಂಡಿ? ಫ್ರೀ ಟಯರ್ ನಂಬಿ ಪ್ರಾಡಕ್ಟ್ ಕಟ್ಟಿ, ಒಂದು ದಿನ ‘ಈ ಸೇವೆ ಇನ್ನು ಲಭ್ಯವಿಲ್ಲ’ ಅನ್ನೋ ಮೇಲ್ ಓದಿದ ಯಾರಿಗಾದರೂ ಈ ಪ್ರಶ್ನೆಯ ತೂಕ ಗೊತ್ತು.

ಈಗ ಟೆಕ್ಸಾಸ್‌ಗೆ ಬರೋಣ. ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಭಾಗ ಇದು, ಯಾಕಂದರೆ ಒಂದೇ ರಾಜ್ಯದಲ್ಲಿ, ಒಂದೇ ಕಾಲದಲ್ಲಿ ಎರಡು ಕಥೆ ಅಕ್ಕಪಕ್ಕ ನಡೆದವು.

ಮೊದಲನೆಯದು ಸೀಟ್ ಬೆಲ್ಟ್ ಕಥೆ. 2006ರ ಮಾರ್ಚ್ 29ರಂದು ಬೋಮಾಂಟ್ ಊರಿನ ಹೈಸ್ಕೂಲ್ ಹುಡುಗಿಯರ ಸಾಕರ್ ತಂಡ ಪಂದ್ಯಕ್ಕೆ ಹೊರಟಿತ್ತು. ಬಾಡಿಗೆ ಬಸ್ಸು ಮಗುಚಿಬಿತ್ತು, ಇಬ್ಬರು ಹುಡುಗಿಯರು ಸತ್ತರು. ಬಸ್ಸಿನಲ್ಲಿ ಬೆಲ್ಟ್ ಇರಲಿಲ್ಲ. ಮನೆಯವರು ಸುಮ್ಮನೆ ಕೂರಲಿಲ್ಲ, ರಾಜಧಾನಿ ಆಸ್ಟಿನ್ನಿಗೆ ಅಲೆದರು. 2007ರಲ್ಲಿ ಆ ಇಬ್ಬರ ಹೆಸರಿನಲ್ಲೇ ಕರೆಯೋ ಕಾನೂನು ಬಂತು: ಇನ್ನು ಮುಂದೆ ಕೊಳ್ಳೋ ಬಸ್ಸುಗಳಲ್ಲಿ ಮೂರು ಬಿಂದುವಿನ ಬೆಲ್ಟ್, ಅಂದರೆ ಕಾರಿನಲ್ಲಿರೋ ಹಾಗೆ ಭುಜಕ್ಕೂ ಸೊಂಟಕ್ಕೂ ಸೇರಿ ಹಾಕೋ ಬೆಲ್ಟ್, ಕಡ್ಡಾಯ. ಆದರೆ ಒಂದು ಷರತ್ತು. ರಾಜ್ಯ ದುಡ್ಡು ಕೊಟ್ಟರೆ ಮಾತ್ರ. ಮೊದಲು ಒಂದು ಕೋಟಿ ಡಾಲರ್ ಅಂದರು, ಆಮೇಲೆ ಬಜೆಟ್ ಬಿಗಿಯಾಯಿತು ಅಂತ 36 ಲಕ್ಷಕ್ಕೆ ಇಳಿಸಿದರು. ಕಾನೂನು ಪುಸ್ತಕದಲ್ಲಿ ಉಳಿಯಿತು, ಬೆಲ್ಟು ಹೆಚ್ಚಿನ ಬಸ್ಸುಗಳಿಗೆ ಬರಲೇ ಇಲ್ಲ.

ಆಗ ಟೆಕ್ಸಾಸ್ ಒಂದು ದಾರಿ ಹುಡುಕಿತು. ಅದರ ಶಿಕ್ಷಣ ಸಂಹಿತೆಯ 34.014ನೇ ಕಲಂ ಹೇಳೋದು ಇಷ್ಟು: ಯಾರು ಬೇಕಾದರೂ ಡಿಸ್ಟ್ರಿಕ್ಟಿನ ಬಸ್ಸುಗಳಿಗೆ ಮೂರು ಬಿಂದುವಿನ ಬೆಲ್ಟನ್ನೋ, ಅದನ್ನು ಕೊಳ್ಳೋಕೆ ಹಣವನ್ನೋ ದಾನ ಮಾಡಬಹುದು. ಬೋರ್ಡು ಅದನ್ನು ಪರಿಶೀಲಿಸಿ ಒಪ್ಪಬಹುದು, ಬಿಡಬಹುದು. ಒಪ್ಪಿದರೆ ದಾನಿಯನ್ನು ಗುರುತಿಸೋಕೆ ಬಸ್ಸಿನ ಪಕ್ಕದಲ್ಲೋ ಹಿಂದೆಯೋ ಒಂದು ಸಣ್ಣ, ಕಣ್ಣಿಗೆ ಹೊಡೆಯದ ಫಲಕ ಹಾಕಬಹುದು. ಆ ಫಲಕ ದಾನಿಯ ಜಾಹೀರಾತು ಆಗಕೂಡದು.

ಇದನ್ನು ಓದಿದಾಗ ನನಗೆ ನಮ್ಮೂರ ಸರ್ಕಾರಿ ಶಾಲೆಯ ಫ್ಯಾನುಗಳು ನೆನಪಾದವು. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗೊತ್ತು: ಬೀರು, ಗೋಡೆ ಗಡಿಯಾರ, ಕುಡಿಯೋ ನೀರಿನ ಡ್ರಮ್ಮು, ಎಲ್ಲದರ ಮೇಲೂ ‘ದಾನಿಗಳು’ ಅಂತ ಬರೆದು ಹೆಸರು. ಫ್ಯಾನಿನ ಮೂರು ರೆಕ್ಕೆ ಮೇಲೆ ಮೂರು ತುಂಡಾಗಿ ಹೆಸರು ಬರೆಸಿರೋರು. ಫ್ಯಾನ್ ತಿರುಗುವಾಗ ಓದೋಕೆ ಆಗ್ತಿರಲಿಲ್ಲ, ಕರೆಂಟ್ ಹೋದಾಗ ಮಾತ್ರ ದಾನಿಗಳು ಕಾಣಿಸೋರು. ನಾವು ನಗ್ತಿದ್ವಿ. ಈಗ ಯೋಚಿಸಿದರೆ ಆ ಲೆಕ್ಕ ಎಷ್ಟು ನೇರವಾಗಿತ್ತು ಅನ್ಸುತ್ತೆ. ಹೆಸರು ಬರೆಸಿಕೊಂಡರು, ಫ್ಯಾನು ನಮ್ಮದಾಯಿತು. ನಾವು ಎಷ್ಟು ಹೊತ್ತು ಗಾಳಿ ತಗೊಂಡ್ವಿ ಅಂತ ಅವರು ಯಾವತ್ತೂ ಮೀಟರ್ ಇಡಲಿಲ್ಲ.

ಟೆಕ್ಸಾಸ್ ಕಾನೂನು ದಾನದ ಮರ್ಯಾದೆಯನ್ನು ಚೆನ್ನಾಗಿ ಬರೆದಿತ್ತು, ತಕರಾರಿಲ್ಲ. ತೊಂದರೆ ಬೇರೆ ಕಡೆ ಇತ್ತು. ಒಂದು ಶಾಲೆಗೆ ನಾಲ್ಕು ಫ್ಯಾನು ದಾನದಿಂದ ಬರುತ್ತೆ, ಒಂದು ರಾಜ್ಯದ ಸಾವಿರಾರು ಬಸ್ಸುಗಳಿಗೆ ಬೆಲ್ಟ್ ದಾನದಿಂದ ಬರಲ್ಲ. ಹೊಸ ಬಸ್ಸೊಂದಕ್ಕೆ ಬೆಲ್ಟ್ ಸೇರಿಸಿದರೆ ಹಲವು ಸಾವಿರ ಡಾಲರ್ ಹೆಚ್ಚು ಖರ್ಚು. ಸಣ್ಣ ಫಲಕಕ್ಕೆ ಅಷ್ಟು ಕೊಡೋ ದಾನಿಗಳು ಎಷ್ಟು ಜನ ಇರ್ತಾರೆ? 2017ರಲ್ಲಿ ರಾಜ್ಯ 2018ರ ಮಾಡೆಲ್‌ನಿಂದ ಮುಂದಿನ ಬಸ್ಸುಗಳಿಗೆ ಬೆಲ್ಟ್ ಕಡ್ಡಾಯ ಮಾಡಿತು. ಆಗಲೂ ಬಜೆಟ್ ಸಾಲದು ಅಂತ ಬೋರ್ಡು ಸಾರ್ವಜನಿಕ ಸಭೆಯಲ್ಲಿ ಮತ ಹಾಕಿದರೆ ವಿನಾಯಿತಿ. ಹಳೆ ಬಸ್ಸುಗಳು ಯಥಾಪ್ರಕಾರ ಗೆರೆಯ ಈ ಕಡೆ.

2024ರ ಮಾರ್ಚ್ 22ರಂದು ಮೃಗಾಲಯ ನೋಡಿ ವಾಪಸ್ ಬರ್ತಿದ್ದ ಹೇಸ್ ಡಿಸ್ಟ್ರಿಕ್ಟಿನ ಪುಟಾಣಿ ಮಕ್ಕಳ ಬಸ್ಸಿಗೆ, ಆಸ್ಟಿನ್ ಹತ್ತಿರದ ಹೆದ್ದಾರಿಯಲ್ಲಿ, ಎದುರಿನಿಂದ ಬಂದ ಕಾಂಕ್ರೀಟ್ ಲಾರಿ ಗುದ್ದಿತು. ಬಸ್ಸು ಮಗುಚಿತು. ಐದು ವರ್ಷದ ಒಬ್ಬ ಹುಡುಗ ಸತ್ತ, ಹಿಂದೆ ಬರ್ತಿದ್ದ ಕಾರಿನ ಒಬ್ಬ ಯುವಕನೂ ಸತ್ತ. ಬಸ್ಸು 2011ರ ಮಾಡೆಲ್. ಬೆಲ್ಟ್ ಇರಲಿಲ್ಲ. 2007ರ ಕಾನೂನಿಗೆ ದುಡ್ಡು ಬಂದಿದ್ದರೆ ಇರುತ್ತಿತ್ತೇನೋ. 2025ರಲ್ಲಿ ಕಾನೂನನ್ನು ಇನ್ನಷ್ಟು ಬಿಗಿ ಮಾಡಿದರು.

ಎರಡನೇ ಕಥೆ ಅದೇ ಟೆಕ್ಸಾಸ್‌ನ ಡಲ್ಲಾಸ್‌ನದು. ಆ ತಗಡಿನ ಕೈ ನೆನಪಿದೆಯಲ್ಲ? ಅದು ಚಾಚಿದಾಗ ನಿಲ್ಲದೆ ನುಗ್ಗೋರು ಅಮೆರಿಕದಲ್ಲೂ ಕಮ್ಮಿ ಇಲ್ಲ. 2011ರಲ್ಲಿ ರಾಜ್ಯಗಳ ಶಾಲಾ ಸಾರಿಗೆ ನಿರ್ದೇಶಕರ ಸಂಘ 28 ರಾಜ್ಯಗಳ 1,11,000ಕ್ಕೂ ಹೆಚ್ಚು ಬಸ್ ಡ್ರೈವರುಗಳಿಂದ ಒಂದೇ ದಿನದ ಲೆಕ್ಕ ತರಿಸಿತು. ಆ ಒಂದು ದಿನದಲ್ಲಿ 76,000ಕ್ಕೂ ಹೆಚ್ಚು ಗಾಡಿಗಳು ಸ್ಟಾಪ್ ಚಿಹ್ನೆ ದಾಟಿ ನುಗ್ಗಿದ್ದವು. ಸಮಸ್ಯೆ ನಿಜ, ಅಪಾಯವೂ ನಿಜ. ಪರಿಹಾರವೂ ಸಿಕ್ಕಿತು: ತಗಡಿನ ಕೈ ಪಕ್ಕದಲ್ಲೇ ಕ್ಯಾಮರಾ. ನುಗ್ಗಿದ ಗಾಡಿಯ ನಂಬರ್ ಹಿಡಿದು ಮನೆಗೆ ದಂಡದ ಚೀಟಿ.

ಡಲ್ಲಾಸ್ ಕೌಂಟಿ ಸ್ಕೂಲ್ಸ್ ಅನ್ನೋ ಸರ್ಕಾರಿ ಸಂಸ್ಥೆ ಅಲ್ಲಿನ ಹಲವು ಡಿಸ್ಟ್ರಿಕ್ಟ್‌ಗಳಿಗೆ ಬಸ್ ಓಡಿಸುತ್ತಿತ್ತು. ಅದು ಫೋರ್ಸ್ ಮಲ್ಟಿಪ್ಲೈಯರ್ ಸೊಲ್ಯೂಷನ್ಸ್ ಅನ್ನೋ ಕಂಪನಿಯಿಂದ ಸುಮಾರು ಏಳು ಕೋಟಿ ಡಾಲರಿನ ಕ್ಯಾಮರಾ ವ್ಯವಹಾರ ಮಾಡಿತು. ದಂಡದ ಹಣದಿಂದ ಖರ್ಚು ತಾನೇ ಹುಟ್ಟುತ್ತೆ, ಮೇಲೆ ಲಾಭವೂ ಬರುತ್ತೆ ಅನ್ನೋ ಲೆಕ್ಕ. ಎಣಿಸಿದಷ್ಟು ಬರಲಿಲ್ಲ, ಸಂಸ್ಥೆ ಸಾಲದಲ್ಲಿ ಮುಳುಗಿತು. 2017ರ ನವೆಂಬರ್‌ನಲ್ಲಿ ಜನ ಮತ ಹಾಕಿ ಸಂಸ್ಥೆಯನ್ನೇ ಮುಚ್ಚಿಸಿದರು. ಆಮೇಲೆ ಹೊರಬಂದದ್ದು, ಸಂಸ್ಥೆಯ ಮುಖ್ಯಸ್ಥ ರಿಕ್ ಸೊರೆಲ್ಸ್ ಮೂವತ್ತು ಲಕ್ಷ ಡಾಲರಿಗೂ ಹೆಚ್ಚು ಲಂಚ ತಿಂದಿದ್ದ ಅನ್ನೋದು. ತಪ್ಪೊಪ್ಪಿಕೊಂಡ, ಏಳು ವರ್ಷ ಜೈಲಾಯಿತು. ನಗರಸಭೆಯ ಸದಸ್ಯ ಡ್ವೇನ್ ಕ್ಯಾರವೇ ಕೂಡ ನಾಲ್ಕೂವರೆ ಲಕ್ಷ ಡಾಲರ್ ತಿಂದದ್ದನ್ನು 2018ರಲ್ಲಿ ಒಪ್ಪಿಕೊಂಡು ಜೈಲಿಗೆ ಹೋದ.

ಲಂಚ ಎಲ್ಲ ಕಡೆ ಇದ್ದದ್ದೇ ಅಂತ ಪುಟ ತಿರುಗಿಸಬೇಡಿ. ಆ ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿ. ಇಡೀ ರಾಜ್ಯದ ಮಕ್ಕಳ ಬೆಲ್ಟಿಗೆ ಮೀಸಲಿಟ್ಟು ಉಳಿದದ್ದು 36 ಲಕ್ಷ. ಅದೇ ರಾಜ್ಯದ ಒಂದು ಸಂಸ್ಥೆಯ ಕ್ಯಾಮರಾಕ್ಕೆ ಏಳು ಕೋಟಿ. ಲಂಚವನ್ನು ಲೆಕ್ಕದಿಂದ ತೆಗೆದುಹಾಕಿದರೂ ಈ ಅಂತರಕ್ಕೆ ಒಂದು ಕಾರಣ ಉಳಿಯುತ್ತೆ. ಕ್ಯಾಮರಾ ದುಡಿಯುತ್ತೆ, ಬೆಲ್ಟ್ ದುಡಿಯಲ್ಲ. ಬೆಲ್ಟಿಗೆ ರೆವೆನ್ಯೂ ಮಾಡೆಲ್ ಇಲ್ಲ. ಹತ್ತು ವರ್ಷ ಸೀಟಿಗೆ ಅಂಟಿಕೊಂಡು ಕೂತಿದ್ದು, ಒಂದು ದಿನ ಒಂದು ಸೆಕೆಂಡು ಮಗುವನ್ನು ಹಿಡಿದುಕೊಳ್ಳುತ್ತೆ, ಅಷ್ಟೇ ಅದರ ಕೆಲಸ. ಅದಕ್ಕೆ ಹೂಡಿಕೆದಾರರು ಸಿಗಲ್ಲ.

ಫೋರ್ಸ್ ಮಲ್ಟಿಪ್ಲೈಯರ್ ಕುಸಿದ ಮೇಲೆ ಅದರ ಆಸ್ತಿ ತಗೊಂಡು ಬೆಳೆದದ್ದು ಬಸ್‌ಪ್ಯಾಟ್ರೋಲ್ ಕಂಪನಿ. ಅದರ ಪದ್ಧತಿ ಇನ್ನೂ ಸರಳ: ಕ್ಯಾಮರಾ, ಸಾಫ್ಟ್‌ವೇರ್, ನಿರ್ವಹಣೆ ಎಲ್ಲ ಕಂಪನಿಯದ್ದು. ಡಿಸ್ಟ್ರಿಕ್ಟಿಗೆ ಒಂದು ಪೈಸೆ ಖರ್ಚಿಲ್ಲ. ದಂಡದಲ್ಲಿ ಪಾಲು. ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯಲ್ಲಿ ಮೊದಲ ಸಲದ ದಂಡ 250 ಡಾಲರ್, ಅದರಲ್ಲಿ ಶೇ. 45 ಕಂಪನಿಗೆ. 2023ರಲ್ಲಿ ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ ಸರಳವಾದ ಪ್ರಶ್ನೆ ಎತ್ತಿತು: ಆ ಹೊತ್ತಿನಲ್ಲಿ ಬಸ್ಸು ಮಕ್ಕಳನ್ನು ಹತ್ತಿಸೋಕೋ ಇಳಿಸೋಕೋ ನಿಂತಿತ್ತು ಅನ್ನೋದಕ್ಕೆ ಸಾಕ್ಷಿ ಎಲ್ಲಿ? ಕಂಪನಿಯ ದಾಖಲೆಯಲ್ಲಿ ಗಾಡಿ ಇತ್ತು, ನಂಬರ್ ಪ್ಲೇಟ್ ಇತ್ತು. ಮಕ್ಕಳು ಇರಲಿಲ್ಲ. ಮುಂದಿನ ವರ್ಷ ರಾಜ್ಯ ಕಾನೂನನ್ನೇ ತಿದ್ದಿ ಆ ತೊಡಕು ನಿವಾರಿಸಿತು, ಅದು ಬೇರೆ ಮಾತು. ಫ್ಲೋರಿಡಾದ ಮಯಾಮಿ-ಡೇಡ್‌ನಲ್ಲಿ 2024ರಲ್ಲಿ ಶುರುವಾದ ಇಂಥದ್ದೇ ಕಾರ್ಯಕ್ರಮವನ್ನು, ತಪ್ಪು ಚೀಟಿಗಳ ದೂರು ಬಂದು, 2025ರಲ್ಲಿ ನಿಲ್ಲಿಸಬೇಕಾಯಿತು.

ಕ್ಯಾಮರಾ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಚೀಟಿ ಬಂದವರಲ್ಲಿ ಹಲವರು ಮುಂದಿನ ಸಲ ಬ್ರೇಕ್ ಒತ್ತಿರ್ತಾರೆ, ಒಂದು ಮಗು ಮನೆ ಮುಟ್ಟಿರುತ್ತೆ. ಆದರೆ ಈ ವ್ಯವಸ್ಥೆಯ ಒಳಗಿನ ಲಾಜಿಕ್ ನೋಡಿ. ನಾಳೆ ಎಲ್ಲ ಗಾಡಿಗಳೂ ಸ್ಟಾಪ್ ಚಿಹ್ನೆಗೆ ನಿಂತುಬಿಟ್ಟರೆ, ಮಕ್ಕಳಿಗೆ ಪೂರ್ತಿ ಸೇಫ್ಟಿ ಸಿಕ್ಕ ದಿನ, ಕಂಪನಿಯ ಆದಾಯ ಸೊನ್ನೆ. ಯಾವ ಪ್ರಾಡಕ್ಟ್ ಮ್ಯಾನೇಜರ್ ಇಂಥ ಗುರಿಯತ್ತ ಮನಸಾರೆ ಕೆಲಸ ಮಾಡ್ತಾನೆ ಹೇಳಿ?

ನಮ್ಮ ದೇಶಕ್ಕೂ ಹಳದಿ ಬಂದಿದೆ. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಸ್ಕೂಲ್ ಬಸ್ಸೊಂದು ಯಮುನೆಗೆ ಬಿದ್ದು 28 ಮಕ್ಕಳು ಸತ್ತರು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಎಂ. ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸ್ಕೂಲ್ ಬಸ್ಸುಗಳಿಗೆ ನಿಯಮ ಹಾಕಿತು: ವೇಗದ ಮಿತಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸೋ ಸಿಲಿಂಡರ್, ಕಿಟಕಿಗೆ ಅಡ್ಡ ಸರಳು. ಇವತ್ತು ವೈಟ್‌ಫೀಲ್ಡಿನ ಟ್ರಾಫಿಕ್ಕಿನಲ್ಲಿ ನಿಂತ ಹಳದಿ ಬಸ್ಸಿನಲ್ಲಿ ಕಾಣೋ ಸರಳುಗಳ ಮೂಲ ಅದು. ಯಾವ ಸ್ಪಾನ್ಸರೂ ಕೊಟ್ಟದ್ದಲ್ಲ.

ಈಗ ನಮ್ಮಂಥವರ ಕಂಪನಿಗಳ ಹತ್ತಿರ ದುಡ್ಡಿದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಿಎಸ್‌ಆರ್‌ಗೆ ಖರ್ಚು ಮಾಡಲೇಬೇಕು. ಯಾವ ಶಾಲೆಗೆ ಏನು ಕೊಡಬೇಕು ಅನ್ನೋ ಮೀಟಿಂಗಿನಲ್ಲಿ ನಿಮ್ಮಲ್ಲಿ ಯಾರಾದರೂ ಇವತ್ತಲ್ಲ ನಾಳೆ ಕೂತಿರ್ತೀರಿ. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಗೆ ‘ನಿಮ್ಮ ಮಕ್ಕಳ ಬಸ್ಸಿಗೆ ಟ್ರ್ಯಾಕಿಂಗ್ ಉಚಿತ’ ಅನ್ನೋ ಮೆಸೇಜೂ ಬರುತ್ತೆ. ಆಗ ಕೊಡೋರು ಯಾರು ಅನ್ನೋದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಕೊಟ್ಟ ಮೇಲೆ ಅವರ ಕೈಯಲ್ಲಿ ಏನು ಉಳಿಯುತ್ತೆ: ಒಂದು ಫಲಕವೋ, ಮಗುವಿನ ಕಿವಿಯೋ, ಮಗು ದಿನಾ ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತೆ ಅನ್ನೋ ಡೇಟಾವೋ? ಕಂಪನಿ ಮುಚ್ಚಿದರೆ ವಸ್ತು ಕೆಲಸ ಮಾಡುತ್ತಾ? ಇದು ದುಡಿಯೋ ವಸ್ತುವೋ, ಉಳಿಸೋ ವಸ್ತುವೋ? ದುಡಿಯೋ ವಸ್ತುವಿಗೆ ದುಡ್ಡು ತಾನಾಗೇ ಬರುತ್ತೆ. ನಿಮ್ಮ ಶೇ. 2ನ್ನು ಉಳಿಸೋ ವಸ್ತುವಿಗೆ ಇಟ್ಟುಕೊಳ್ಳಿ.

ಫ್ರಾಂಕ್ ಸೈರ್ 1995ರಲ್ಲಿ ತೀರಿಕೊಂಡ. ಅವನ ಸಭೆ ಆರಿಸಿದ ಬಣ್ಣದಲ್ಲೂ ಒಂದು ದೋಷ ಇತ್ತು. ಹೆಸರಿನಲ್ಲಿದ್ದ ‘ಕ್ರೋಮ್’ ಅಂದರೆ ಲೆಡ್ ಕ್ರೋಮೇಟ್, ಸೀಸ ಬೆರೆತ ಬಣ್ಣ. ಸೀಸ ವಿಷ ಅನ್ನೋದು ಮನದಟ್ಟಾದ ಮೇಲೆ ಅದನ್ನು ತೆಗೆದು ಬೇರೆ ಬಣ್ಣದ ಪುಡಿ ಬಳಸಿದರು. ಈಗಿನ ಹೆಸರು ‘ನ್ಯಾಷನಲ್ ಸ್ಕೂಲ್ ಬಸ್ ಗ್ಲಾಸಿ ಯೆಲ್ಲೋ’. ಅದಕ್ಕಾಗಿ ಯಾರ ಕಾಂಟ್ರಾಕ್ಟ್ ಮುಗಿಯೋದನ್ನೂ ಕಾಯಬೇಕಾಗಲಿಲ್ಲ, ಯಾರ ಪಾಲನ್ನೂ ಲೆಕ್ಕ ಹಾಕಬೇಕಾಗಲಿಲ್ಲ. ಸ್ಟ್ಯಾಂಡರ್ಡ್ ಎಲ್ಲರದ್ದಾಗಿತ್ತು, ತಿದ್ದಿಕೊಂಡರು.